ತೂತಿಲ್ಲದ ಗುಂಡಿ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಸೊನ್ನೆ ಮೇಡಂ ಎಂದೇ ಕರೆಯುತ್ತಿದ್ದರು. ಹೊಸಬರ ಕಿವಿಗೆ ಬಿದ್ದರೆ, ಇದೇನಪ್ಪಾ, ಹದಿನೆಂಟು ವರ್ಷ ದುಡಿದ ಹೆಂಗಸಿಗೆ ಇಂಥ ಹೆಸರು ಎಂದು ಹುಬ್ಬೇರಿಸುತ್ತಿದ್ದರು. ಅದು ಬೈಗುಳವಲ್ಲ ಸ್ವಾಮಿ, ಬಿರುದು. ಅದನ್ನು ಸಂಪಾದಿಸಲು ಅವಳು ಎರಡು ವರ್ಷ ತಲೆ ಕೆಡಿಸಿಕೊಂಡಿದ್ದಳು.

ಅವಳ ಕೆಲಸ ಮಾತ್ರೆ ಡಬ್ಬಿಗೆ ಮುಚ್ಚಳ ರೂಪಿಸುವುದು. ಇಷ್ಟೇನಾ ಎಂದು ಮೂಗು ಮುರಿಯುವವರು ಮುರಿಯಲಿ. ಆ ಮುಚ್ಚಳ ಮಗುವಿನ ಕೈಗೆ ಸಿಕ್ಕರೆ ತೆರೆಯಬಾರದು, ಮುದುಕರ ಕೈಗೆ ಸಿಕ್ಕರೆ ತೆರೆಯಬೇಕು. ನಾಲ್ಕು ವರ್ಷದ ಮಗುವಿನ ಕೈಬಲವೂ ಬೆರಳಗಂಟು ಊದಿಸಿಕೊಂಡ ಅಜ್ಜಿಯ ಕೈಬಲವೂ ಹೆಚ್ಚುಕಡಿಮೆ ಒಂದೇ ಎನ್ನುವುದು ಗೊತ್ತಾದಾಗ ತಮಾಷೆಯೆಲ್ಲ ಇಳಿದುಹೋಗುತ್ತದೆ. ಅಜ್ಜಿಗೆ ಹಗುರ ಮಾಡಿದರೆ ಮೊಮ್ಮಗು ತೆರೆಯುತ್ತದೆ, ಮೊಮ್ಮಗುವಿಗೆ ಬಿಗಿ ಮಾಡಿದರೆ ಅಜ್ಜಿ ಬಡಿದಾಡುತ್ತಾಳೆ.

ಮೇಡಂ ಮಾಡಿದ್ದು ಒತ್ತಿ ತಿರುಗಿಸುವ ಮುಚ್ಚಳ. ಸುಮ್ಮನೆ ತಿರುಗಿಸಿದರೆ ಮೇಲಿನ ಪದರ ಟಕಟಕ ಎಂದು ಸುತ್ತುತ್ತಲೇ ಇರುತ್ತದೆ, ಒಳಗಿನದು ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ಆರು ಕಿಲೋ ಭಾರ ಹೇರಿದಷ್ಟು ಬಲವಾಗಿ ಕೆಳಕ್ಕೆ ಒತ್ತಿದರೆ ಮಾತ್ರ ಒಳಗಿನ ಹಲ್ಲುಗಳು ಕಚ್ಚಿಕೊಂಡು ಎರಡೂ ಒಟ್ಟಿಗೆ ತಿರುಗುತ್ತವೆ.

ಅದರ ಪರೀಕ್ಷೆಯನ್ನು ನೀವು ನೋಡಬೇಕಿತ್ತು. ಕಾರ್ಖಾನೆಯ ಊಟದ ಕೋಣೆಯಲ್ಲಿ ಚಾಪೆ ಹಾಸಿ, ನಾಲ್ಕರ ಆಸುಪಾಸಿನ ಐವತ್ತು ಮಕ್ಕಳನ್ನು ಸರದಿಯಂತೆ ಇಬ್ಬಿಬ್ಬರಾಗಿ ಕೂರಿಸಿ, ಕೈಗೊಂದೊಂದು ಖಾಲಿ ಡಬ್ಬಿ ಕೊಟ್ಟು ಐದು ನಿಮಿಷ ಬಿಡುವುದು. ಆಮೇಲೆ ದೊಡ್ಡವರೊಬ್ಬರು ಒಮ್ಮೆ ತೆರೆದು ತೋರಿಸಿ, ಬೇಕಿದ್ದರೆ ಹಲ್ಲೂ ಹಾಕಿ ಎಂದು ಹೇಳಿ, ಮತ್ತೆ ಐದು ನಿಮಿಷ ಕೊಡುವುದು. ಒಬ್ಬ ಡಬ್ಬಿಯನ್ನು ಗೋಡೆಗೆ ಕುಟ್ಟಿದ, ಒಬ್ಬಳು ಅದರ ಮೇಲೆ ಕುಳಿತುಬಿಟ್ಟಳು, ಇನ್ನೊಬ್ಬ ಪಕ್ಕದವನ ತಲೆಗೆ ಬಾರಿಸಿದ. ಐವತ್ತರಲ್ಲಿ ಏಳು ಮಕ್ಕಳು ತೆರೆದರೂ ನಿಯಮ ಒಪ್ಪುತ್ತದೆ. ಅವಳ ಮುಚ್ಚಳವನ್ನು ಒಂದೇ ಒಂದು ಮಗುವೂ ತೆರೆಯಲಿಲ್ಲ. ಯಜಮಾನರ ಕಾಲು ನೆಲದ ಮೇಲೆ ನಿಲ್ಲಲಿಲ್ಲ; ಅವಳ ಕೋಣೆಯ ಬಾಗಿಲಿಗೆ ಕೆಂಪು ಬಣ್ಣದಲ್ಲಿ ದೊಡ್ಡ ಸೊನ್ನೆ ಬರೆಸಿದರು.

ಹಿರಿಯರ ಪರೀಕ್ಷೆಯೂ ಗೆದ್ದಿತ್ತು. ಕೆಲಸಗಾರರ ಅಪ್ಪ ಅಮ್ಮ, ಅತ್ತೆ ಮಾವ, ಹೀಗೆ ಇಪ್ಪತ್ತೆರಡು ಮಂದಿಯನ್ನು ಕರೆಸಿ, ಸಾಲಾಗಿ ಕೂರಿಸಿ, ಚಹಾ ಬಿಸ್ಕತ್ತು ಕೊಟ್ಟು, ಡಬ್ಬಿ ತೆರೆಯಿಸಿದ್ದರು. ಅವರಲ್ಲಿ ಯಜಮಾನರ ತಂದೆಯೂ ಇದ್ದರು, ಮೇಡಂನ ಅಮ್ಮನೂ ಇದ್ದಳು. ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ತೆರೆದುಕೊಂಡವು. ಚಿಕ್ಕ ಅಚ್ಚಿನಲ್ಲಿ ಮಾಡಿದ ಮುಚ್ಚಳಗಳು ನಾಲ್ಕು ತಿಂಗಳಿಂದ ಊರಿನ ಔಷಧಿ ಅಂಗಡಿಗಳಲ್ಲಿದ್ದವು. ಈಗ ಒಂದೇ ಹೊಡೆತಕ್ಕೆ ಮೂವತ್ತೆರಡು ಮುಚ್ಚಳ ಉದುರಿಸುವ ದೊಡ್ಡ ಅಚ್ಚಿಗೆ ಉಕ್ಕಿನ ದಿಮ್ಮಿ ಬಂದು ಬಿದ್ದಿತ್ತು. ಬುಧವಾರ ಕೊರೆಯಲು ಶುರು. ಒಮ್ಮೆ ಕೊರೆದರೆ ಮುಗಿಯಿತು, ಹತ್ತು ವರ್ಷ ಅದೇ ಮುಚ್ಚಳ, ಲಕ್ಷಾಂತರ ಮನೆಗಳಿಗೆ.

ಅದಕ್ಕೂ ಮೊದಲು ಒಂದು ಭಾನುವಾರ ಬಂತು.

ಮೇಡಂನ ಮನೆಯಲ್ಲಿ ನಾಲ್ಕು ಜನ. ಅವಳು, ಅಮ್ಮ, ಸಿಟಿ ಬಸ್ ಓಡಿಸುವ ತಂಗಿ, ತಂಗಿಯ ನಾಲ್ಕು ವರ್ಷದ ಮಗಳು ಚೂಟಿ. ಅಕ್ಕ ತಂಗಿ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಚೂಟಿಯ ಯೋಗಕ್ಷೇಮವೆಲ್ಲ ಅಜ್ಜಿಯದು. ಬಟ್ಟೆ ಹೊಲಿದು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ ಕೈ ಅದು. ಈಗ ಬೆರಳುಗಳು ಸೊಟ್ಟಗಾಗಿ, ಬೆಳಿಗ್ಗೆ ಎದ್ದು ಒಂದು ಗಂಟೆ ಮುಷ್ಟಿ ಕಟ್ಟಲೂ ಬರುತ್ತಿರಲಿಲ್ಲ. ಆದರೂ ಒಂದು ದಿನ ಅಯ್ಯೋ ಎಂದವಳಲ್ಲ. ಯಾರಾದರೂ ಸಹಾಯಕ್ಕೆ ಬಂದರೆ ಮುಖ ಗಂಟಿಕ್ಕುತ್ತಿದ್ದಳು.

ಆ ಭಾನುವಾರ ತಂಗಿ ಬಸ್ಸಿನ ಪಾಳಿಗೆ ಹೋಗಿದ್ದಳು. ಅಮ್ಮ ಅಡುಗೆಮನೆಯಲ್ಲಿದ್ದಳು. ಚೂಟಿ ಹೊಲಿಗೆ ಯಂತ್ರದ ಪಕ್ಕ ಕುಳಿತು ಅಜ್ಜಿಯ ತಗಡಿನ ಡಬ್ಬಿಯಿಂದ ಗುಂಡಿಗಳನ್ನು ಸುರಿದುಕೊಂಡು ಬಣ್ಣಬಣ್ಣದ ಸಾಲು ಜೋಡಿಸುತ್ತಿತ್ತು. ಅದು ಅದರ ದಿನನಿತ್ಯದ ಆಟ. ಕೆಂಪು ಒಂದು ಸಾಲು, ನೀಲಿ ಒಂದು ಸಾಲು, ಬಿಳಿ ಒಂದು ಸಾಲು. ದೊಡ್ಡಮ್ಮ, ನೋಡು ಎಂದು ಕರೆಯಿತು. ಮೇಡಂ ಬಗ್ಗಿ ನೋಡಿದಳು, ಚೆನ್ನಾಗಿದೆ ಕಂದ ಎಂದಳು, ಎದ್ದು ಹೊರಟವಳು ಮತ್ತೆ ತಿರುಗಿ ಬಗ್ಗಿದಳು. ಬಿಳಿ ಸಾಲಿನ ಮೂರನೆಯ ಗುಂಡಿಗೆ ತೂತಿರಲಿಲ್ಲ.

ಅದು ಅಮ್ಮನ ರಕ್ತದೊತ್ತಡದ ಮಾತ್ರೆ. ಅಂಥದ್ದು ಒಂದು ಹೊಟ್ಟೆಗೆ ಹೋದರೂ ಇಷ್ಟುದ್ದದ ಮಗುವಿಗೆ ಜೀವಕ್ಕೇ ಅಪಾಯ. ಮಗುವಿನ ಬಾಯಿ ಅಗಲಿಸಿ ಬೆರಳಾಡಿಸಿ ನೋಡಿದಳು. ಏನೂ ಇರಲಿಲ್ಲ. ತಗಡಿನ ಡಬ್ಬಿಯ ತಳದಲ್ಲಿ ಒಂದು ಕಾಗದದ ಪೊಟ್ಟಣ ಬಿಚ್ಚಿಕೊಂಡು ಬಿದ್ದಿತ್ತು, ಅದರ ತುಂಬ ಅದೇ ಬಿಳಿ ಮಾತ್ರೆಗಳು. ಅಮ್ಮ ಸೌಟು ಹಿಡಿದೇ ಓಡಿಬಂದಳು. ಒಂದನೇ ತಾರೀಕು ತಂದ ಮೂವತ್ತು ಮಾತ್ರೆ; ಇವತ್ತು ಹನ್ನೆರಡು. ಹದಿನೆಂಟು ಉಳಿದಿರಬೇಕು. ಪೊಟ್ಟಣದಲ್ಲಿ ಹದಿನಾರು, ಬಿಳಿ ಸಾಲಿನಲ್ಲಿ ಒಂದು. ಇನ್ನೊಂದಿಲ್ಲ.

"ತಿಂದೆಯಾ ಕಂದ? ಹೊಡೆಯಲ್ಲ, ಹೇಳು," ಎಂದಳು ಮೇಡಂ. ಸ್ವರ ತನ್ನದೇ ಎನ್ನಿಸಲಿಲ್ಲ.

ಚೂಟಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿತು. ಇಬ್ಬರು ದೊಡ್ಡವರು ನೆಲದ ಮೇಲೆ ತೆವಳಿದರು, ಯಂತ್ರದ ಪೆಡಲಿನ ಕೆಳಗೆ ಕೈ ಹಾಕಿದರು, ಚಾಪೆ ಕೊಡವಿದರು. ಮೇಡಂ ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೊರಟೇಬಿಟ್ಟಳು. ಬೀದಿಗೆ ಕಾಲಿಟ್ಟ ಮೇಲೆ ಮಗು ಅಳುತ್ತಾ ಹೇಳಿತು, ಗೊಂಬೆಗೆ ಕೊಟ್ಟೆ ಎಂದು. ಅಜ್ಜಿ ದಿನಾ ನುಂಗುತ್ತಾಳಲ್ಲ, ಗೊಂಬೆಗೂ ಜ್ವರ ಎಂದು. ಓಡಿಹೋಗಿ ನೋಡಿದರೆ ಬಟ್ಟೆಗೊಂಬೆಯ ಅಂಗಿಯೊಳಗೆ, ಕತ್ತಿನ ಹತ್ತಿರ, ಹದಿನೆಂಟನೆಯ ಮಾತ್ರೆ ಇತ್ತು. ಮೇಡಂ ಅಲ್ಲೇ ನೆಲದ ಮೇಲೆ ಕುಸಿದು ಕುಳಿತು ಅತ್ತಳು, ಸದ್ದು ಮಾಡಿಯೇ ಅತ್ತಳು.

ಅತ್ತು ಮುಗಿದ ಮೇಲೆ ಕೋಪ ಬಂತು. ಅವಳು ಮಾಡಿದ ಮುಚ್ಚಳದ ಡಬ್ಬಿ ಕಪಾಟಿನಲ್ಲಿ ಖಾಲಿ ನಿಂತಿತ್ತು. ಅಮ್ಮ ತಲೆ ತಗ್ಗಿಸಿಕೊಂಡು ಎಲ್ಲ ಬಾಯಿಬಿಟ್ಟಳು. ತಿಂಗಳಿಗೊಮ್ಮೆ ಅಂಗಡಿಯವನ ಕೈಯಲ್ಲೇ ಡಬ್ಬಿ ತೆರೆಸಿ, ಮಾತ್ರೆಯನ್ನೆಲ್ಲ ಪೊಟ್ಟಣ ಕಟ್ಟಿಸಿಕೊಂಡು ಬರುತ್ತಿದ್ದಳಂತೆ. ಹಗುರವಾಗಿ ತೆರೆಯುವುದು ಅಂತ ಮನೆಯಲ್ಲಿದ್ದದ್ದು ಆ ಗುಂಡಿ ಡಬ್ಬಿಯೊಂದೇ. ದಿನಾ ಚೂಟಿಗೆ ಆಟಕ್ಕೆ ಡಬ್ಬಿ ಕೊಡುವ ಮುನ್ನ ಪೊಟ್ಟಣ ತೆಗೆದು ಮೇಲಿನ ಗೂಡಿನಲ್ಲಿಡುತ್ತಿದ್ದಳು, ಇವತ್ತು ಮರೆತಿದ್ದಳು.

"ಪರೀಕ್ಷೆ ದಿನ ತೆರೆದೆಯಲ್ಲಮ್ಮ, ನನ್ನ ಕಣ್ಣೆದುರಿಗೇ."

"ಹಲ್ಲು ಕಚ್ಚಿ ತೆರೆದೆ ಕಣೇ. ಪಕ್ಕದಲ್ಲಿದ್ದವಳು ತೆರೆದುಬಿಟ್ಟಳು, ಎದುರಿಗೆ ನೀನು ಕೂತಿದ್ದೆ. ಮಗಳು ಮಾಡಿದ್ದು ತಾಯಿ ಕೈಲೇ ತೆರೆಯೋಕಾಗಲಿಲ್ಲ ಅಂತ ನಾಲ್ಕು ಜನ ಆಡಿಕೊಂಡರೆ? ಆಮೇಲೆ ಎರಡು ದಿನ ಕೈ ಎತ್ತೋಕಾಗಲಿಲ್ಲ."

ಸಂಜೆ ತಂಗಿ ಬಂದಳು. ಬಸ್ಸಿನ ಬೀಗದ ಕೈ ಮೇಜಿನ ಮೇಲೆ ಎಸೆದು, ಮಗಳನ್ನು ಎದೆಗವಚಿಕೊಂಡು, ಅಮ್ಮನನ್ನೂ ಬೈಯಲಿಲ್ಲ, ಅಕ್ಕನನ್ನೂ ಬೈಯಲಿಲ್ಲ. ನಿನ್ನ ಮುಚ್ಚಳ ಇದೆ ಅನ್ನೋ ಧೈರ್ಯದ ಮೇಲೆ ನಾನು ನೆಮ್ಮದಿಯಾಗಿ ಸ್ಟೇರಿಂಗ್ ಹಿಡಿಯುತ್ತಿದ್ದೆ ಎಂದಳು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಮೇಡಂ ಹಟಕ್ಕೆ ಬಿದ್ದರೆ ಬಿಡುವ ಪೈಕಿಯಲ್ಲ. ಅಮ್ಮ ಒಬ್ಬಳೇ ಹೀಗೋ ಎಲ್ಲರೂ ಹೀಗೋ ಎಂದು ನೋಡಬೇಕಿತ್ತು. ಸೋಮವಾರ ಮತ್ತು ಮಂಗಳವಾರ ಬೆಳಿಗ್ಗೆ ಆರಕ್ಕೇ ಮನೆಬಿಟ್ಟು, ಪರೀಕ್ಷೆಗೆ ಬಂದಿದ್ದ ಇನ್ನುಳಿದ ಇಪ್ಪತ್ತೊಂದು ಮನೆಗಳ ಬಾಗಿಲನ್ನೂ ತಟ್ಟಿದಳು. ಕೈ ಮರಗಟ್ಟಿರುವ ಹೊತ್ತು ಅದೇ, ಹೆಚ್ಚಿನವರು ಮಾತ್ರೆ ನುಂಗುವ ಹೊತ್ತೂ ಅದೇ. ನಿಮ್ಮ ಮಾತ್ರೆ ಎಲ್ಲಿಟ್ಟಿದ್ದೀರಿ ತೋರಿಸಿ ಎಂದು ಕೇಳಿದಳೇ ಹೊರತು ಮುಚ್ಚಳದ ಸುದ್ದಿ ಎತ್ತಲಿಲ್ಲ. ಒಬ್ಬರು ದಿಂಬಿನ ಕೆಳಗಿಂದ ತೆಗೆದರು. ಒಬ್ಬರು ಮೊಮ್ಮಗನ ಪೆನ್ಸಿಲ್ ಪೆಟ್ಟಿಗೆಯಿಂದ. ಹಾಲು ಮಾರುವ ಅಜ್ಜಿಯೊಬ್ಬಳು ಡಬ್ಬಿಯಲ್ಲೇ ಇಟ್ಟಿದ್ದಳು, ಸದ್ಯ ಎಂದುಕೊಂಡರೆ ಮುಚ್ಚಳವನ್ನು ಸುತ್ತಿಗೆಯಿಂದ ಒಡೆದು ಹಾಕಿದ್ದಳು, ಅದೂ ಹೆಮ್ಮೆಯಿಂದ ತೋರಿಸಿದಳು. ಅಮ್ಮನನ್ನೂ ಸೇರಿಸಿ ಲೆಕ್ಕ ಹಾಕಿದರೆ ಇಪ್ಪತ್ತೆರಡು ಮನೆಗಳಲ್ಲಿ ಹದಿನಾಲ್ಕರಲ್ಲಿ ಮುಚ್ಚಳಕ್ಕೂ ಮಾತ್ರೆಗೂ ಸಂಬಂಧವೇ ಇರಲಿಲ್ಲ. ಆ ಹದಿನಾಲ್ಕರಲ್ಲಿ ಒಂಬತ್ತು ಮನೆಗಳಲ್ಲಿ ಚಿಕ್ಕ ಮಕ್ಕಳಿದ್ದರು.

ತಪ್ಪು ಎಲ್ಲಾಗಿತ್ತು ಎಂದು ಆಗ ಅವಳಿಗೆ ಹೊಳೆಯಿತು. ಪರೀಕ್ಷೆಗೆ ಕರೆಸಿದ್ದು ಕೆಲಸಗಾರರ ಮನೆಯವರನ್ನೇ. ಮಗ ಮಗಳು ಮಾಡಿದ ವಸ್ತುವಿನ ಮರ್ಯಾದೆ ಕಳೆಯಲು ಯಾವ ತಂದೆತಾಯಿಗೆ ಮನಸ್ಸು ಬರುತ್ತದೆ? ಅವರು ಡಬ್ಬಿ ತೆರೆದಿರಲಿಲ್ಲ, ಮಕ್ಕಳ ಮಾನ ಉಳಿಸಿದ್ದರು. ಅದೂ ಒಂದು ಸಲ, ಹಗಲು ಹನ್ನೊಂದು ಗಂಟೆಗೆ, ಬಿಸಿ ಚಹಾದ ಲೋಟ ಹಿಡಿದು ಬೆರಳು ಸಡಿಲವಾದ ಮೇಲೆ.

ಮಂಗಳವಾರ ಮಧ್ಯಾಹ್ನ ಅವಳು ಯಜಮಾನರ ಕೋಣೆಗೆ ಹೋಗಿ ದೊಡ್ಡ ಅಚ್ಚು ಕೊರೆಯುವುದು ಬೇಡ ಎಂದಳು. ಯಜಮಾನರು ಪ್ಲಾಸ್ಟಿಕ್ ಬಕೆಟ್ಟಿನಿಂದ ಶುರುಮಾಡಿ ಮೇಲೆ ಬಂದ ಮನುಷ್ಯ, ಒಳ್ಳೆಯವರು, ಆದರೆ ಮೊಂಡು. ಔಷಧಿ ಕಂಪನಿಯವರು ಸೊನ್ನೆ ನೋಡಿಯೇ ಒಪ್ಪಿದ್ದಾರೆ, ಈಗ ನೀನೇ ನಿನ್ನ ಕಾಲಿಗೆ ಕೊಡಲಿ ಹಾಕಿಕೊಳ್ಳುತ್ತಿದ್ದೀಯಲ್ಲಮ್ಮಾ ಎಂದರು. ಮುದುಕರು ಸೋಮಾರಿಗಳು, ಕಲಿಯುತ್ತಾರೆ ಬಿಡು ಎಂದರು. ಮೇಡಂ ಮಾತು ಬೆಳೆಸಲಿಲ್ಲ.

"ಸಾರ್, ಮನೆಗೆ ಹೋದಾಗ ನಿಮ್ಮ ತಂದೆಯವರ ಕನ್ನಡಕದ ಡಬ್ಬಿ ತೆರೆದು ನೋಡಿ. ಆಮೇಲೆ ಮಾತಾಡೋಣ."

ಬುಧವಾರ ಬೆಳಿಗ್ಗೆ ಯಜಮಾನರು ನೇರವಾಗಿ ಅಚ್ಚಿನ ಶೆಡ್ಡಿಗೆ ಹೋಗಿ ಯಂತ್ರ ನಿಲ್ಲಿಸಿದರು. ಕನ್ನಡಕದ ಡಬ್ಬಿಯಲ್ಲಿ ತಂದೆಯ ಮಾತ್ರೆಗಳಿದ್ದವು; ಅವರ ಮನೆಯಲ್ಲೂ ಅವಳಿ ಮೊಮ್ಮಕ್ಕಳಿದ್ದರು. ಇಪ್ಪತ್ತು ದಿನ ಕೊಡ್ತೀನಿ, ಇಪ್ಪತ್ತೊಂದನೇ ದಿನ ಉಕ್ಕು ಕೊರೆಯಲೇಬೇಕು, ಹಳೆಯದೋ ಹೊಸದೋ ನೀನೇ ಹೇಳಬೇಕು ಎಂದು ಹೇಳಿ, ಮುಖ ಕೊಡದೆ ಹೊರಟುಹೋದರು.

ಅಚ್ಚಿನ ಮೇಸ್ತ್ರಿ ನಲವತ್ತು ವರ್ಷದಿಂದ ಉಕ್ಕು ಕೆರೆದವನು. ಸದಾ ಗೊಣಗುತ್ತಿದ್ದ, ಆದರೆ ಗೊಣಗುತ್ತಲೇ ಯಾರೂ ಮಾಡದ ಕೆಲಸ ಮಾಡಿಮುಗಿಸುತ್ತಿದ್ದ. ಮೇಡಂ ಅವನ ಮುಂದೆ ಕಾಗದ ಹರಡಿದಳು. ಒತ್ತುವ ಬಲವನ್ನು ಮೊದಲು ಎರಡೂವರೆ ಕಿಲೋಗೆ ಇಳಿಸಿ ನೋಡೋಣ ಎಂದಳು. ಇಳಿಸಿದರು. ಹಿರಿಯರೆಲ್ಲ ತೆರೆದರು, ಮಕ್ಕಳೂ ತೆರೆದರು. ಇಪ್ಪತ್ತು ಮಕ್ಕಳಲ್ಲಿ ಎಂಟು ಮಕ್ಕಳು ಮೊದಲ ಐದು ನಿಮಿಷದಲ್ಲೇ ತೆರೆದಾಗ ಮೇಡಂ ಗಡಿಯಾರ ನಿಲ್ಲಿಸಿಬಿಟ್ಟಳು. ನಾಲ್ಕು ಕಿಲೋಗೆ ಏರಿಸಿದರು. ಒಂದಿಬ್ಬರನ್ನು ಬಿಟ್ಟು ಮಕ್ಕಳೆಲ್ಲ ಸೋತರು, ಹಿರಿಯರಲ್ಲಿ ಅರ್ಧಕ್ಕರ್ಧ ಜನವೂ ಸೋತರು. ಇದು ಹಗ್ಗಜಗ್ಗಾಟ ಮೇಡಂ, ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬೀಳ್ತಾರೆ, ನಾವು ನಡುವೆ ನಿಂತು ಹಗ್ಗ ಹಿಡ್ಕೊಂಡಿದ್ದೀವಿ ಎಂದ ಮೇಸ್ತ್ರಿ.

ಒಂಬತ್ತನೇ ದಿನದವರೆಗೂ ಹಗ್ಗ ಅಲ್ಲೇ ಇತ್ತು. ಮೇಡಂ ಮನೆಗೆ ಬಂದು ಅಮ್ಮನ ಕೈಯನ್ನೇ ನೋಡುತ್ತಾ ಕೂರುತ್ತಿದ್ದಳು. ಅಮ್ಮ ಹಿಟ್ಟು ನಾದುವಾಗ ಬೆರಳು ಬಳಸುತ್ತಿರಲಿಲ್ಲ, ಅಂಗೈಯ ಬುಡದಿಂದ ಒತ್ತುತ್ತಿದ್ದಳು. ನಲ್ಲಿ ತಿರುಗಿಸುವಾಗ ಅಂಗೈ, ಬಾಗಿಲು ನೂಕುವಾಗ ಅಂಗೈ. ಬೆರಳು ಕೈಕೊಟ್ಟ ಮೇಲೆ ಕೆಲಸವೆಲ್ಲ ಅಂಗೈಗೆ ವರ್ಗವಾಗಿತ್ತು. ಪಕ್ಕದಲ್ಲಿ ಚೂಟಿ ಹಿಟ್ಟಿನ ಉಂಡೆಗೆ ಕೈ ಚಾಚಿತು. ಅದರ ಅಂಗೈ ಅಗಲ ಅಮ್ಮನದರ ಅರ್ಧವೂ ಇರಲಿಲ್ಲ. ಬಲ ಒಂದೇ ಇರಬಹುದು, ಅಂಗೈ ಒಂದೇ ಅಲ್ಲವಲ್ಲ!

ಮರುದಿನ ಮೇಸ್ತ್ರಿಗೆ ಮುಚ್ಚಳವನ್ನು ಅಗಲ ಮಾಡಲು ಹೇಳಿದಳು. ದೊಡ್ಡವರ ಅಂಗೈ ಪೂರ್ತಿ ಕೂರುವಷ್ಟು ಅಗಲ, ಮೇಲೆ ಸ್ವಲ್ಪ ತಗ್ಗು, ಸುತ್ತ ದಪ್ಪ ಗೀರು. ಮೇಜಿನ ಮೇಲಿಟ್ಟು ಅಂಗೈಯಿಂದ ಮೈಭಾರ ಹಾಕಿ ಒತ್ತಿ ಹಾಗೇ ತಿರುಗಿಸಬಹುದು, ಬೆರಳೇ ಬೇಡ. ಮಗುವಿನ ಕೈ ಅದರ ಮೇಲೆ ಜಾರುತ್ತದೆ. ಯಜಮಾನರು ಕೇಳಿ ಹಣೆ ಚಚ್ಚಿಕೊಂಡರು. ಡಬ್ಬಿಯ ಕತ್ತು ಬದಲಾಗುತ್ತದೆ, ತೊಂಬತ್ತಾರು ಡಬ್ಬಿ ಹಿಡಿಯುವ ರಟ್ಟಿನ ಪೆಟ್ಟಿಗೆಯಲ್ಲಿ ಎಪ್ಪತ್ತೇ ಹಿಡಿಯುತ್ತದೆ ಎಂದರು. ಹೌದು ಸಾರ್, ಹಿಡಿಯುತ್ತದೆ ಎಂದಳು ಮೇಡಂ. ಅವಳು ಅದನ್ನು ಆಗಲೇ ಲೆಕ್ಕ ಹಾಕಿದ್ದಳು.

ಹಿರಿಯರ ಪರೀಕ್ಷೆಯ ಕ್ರಮವನ್ನೂ ಬದಲಿಸಿದಳು. ಸಾಲಾಗಿ ಕೂರಿಸುವುದಿಲ್ಲ, ಚಹಾ ಇಲ್ಲ, ಚಪ್ಪಾಳೆ ಇಲ್ಲ. ಬೆಳಿಗ್ಗೆ ಆರರಿಂದ ಶುರುಮಾಡಿ ಅವರವರ ಮನೆಯಲ್ಲಿ, ಒಬ್ಬೊಬ್ಬರೇ, ಮೂರು ದಿನ ಎಡೆಬಿಡದೆ. ಪರೀಕ್ಷೆ ನಡೆಸಲು ಅವಳು ಮನೆಯವರನ್ನೂ ಕಳಿಸಲಿಲ್ಲ, ಕಾರ್ಖಾನೆಯವರನ್ನೂ ಕಳಿಸಲಿಲ್ಲ. ತಂಗಿಯ ಜೊತೆ ಓಡಾಡುವ ಕಂಡಕ್ಟರ್ ಹೆಂಗಸನ್ನು ಗೊತ್ತು ಮಾಡಿದಳು. ಮುಚ್ಚಳ ಯಾರೇ ಮಾಡಿರಲಿ, ಆಕೆ ಕ್ಯಾರೇ ಅನ್ನುವವಳಲ್ಲ. ಆಗಲಿಲ್ಲ ಅಂದರೆ ಆಗಲಿಲ್ಲ ಅಂತ ಬರ್ಕೋತೀನಿ, ನನಗೇನು ಎಂದು ಮೊದಲ ಮನೆಯಲ್ಲೇ ಹೇಳಿದಳಂತೆ. ಮುದುಕರಿಗೆ ಅದು ಬಹಳ ಹಿಡಿಸಿತು.

ಹದಿನಾರನೇ ದಿನ ಲೆಕ್ಕ ಬಂತು. ಅಗಲ ಮುಚ್ಚಳ, ನಾಲ್ಕು ಕಿಲೋ. ಐವತ್ತು ಮಕ್ಕಳಲ್ಲಿ ಮೂವರು ತೆರೆದಿದ್ದರು. ಇಪ್ಪತ್ತೆರಡು ಹಿರಿಯರಲ್ಲಿ ಹದಿನೆಂಟು ಮಂದಿ ಮೂರೂ ದಿನ ತೆರೆದು, ಮತ್ತೆ ಮುಚ್ಚಿಯೂ ಇಟ್ಟಿದ್ದರು. ನಾಲ್ವರಿಗೆ ಆಗಿರಲಿಲ್ಲ. ಕಂಡಕ್ಟರ್ ಹೆಂಗಸಿನ ದುಂಡು ಅಕ್ಷರದ ಹಾಳೆಯಲ್ಲಿ ಆ ನಾಲ್ಕರಲ್ಲಿ ಎರಡನೆಯದು ಮೇಡಂನ ಮನೆಯದೇ ವಿಳಾಸ.

ಮೇಡಂ ಹಾಳೆಯನ್ನು ಬಹಳ ಹೊತ್ತು ಹಿಡಿದು ಕುಳಿತಳು. ಯಾರಿಗೋಸ್ಕರ ಇಷ್ಟೆಲ್ಲ ಹಾರಾಡಿದಳೋ ಅವಳಿಗೇ ಆಗಲಿಲ್ಲ.

ಮೂರು ಕಿಲೋಗೆ ಇಳಿಸಿ ಮಾಡಿದ ಇನ್ನೊಂದು ಅಗಲ ಮುಚ್ಚಳವೂ ಇತ್ತು. ಅದನ್ನು ಅಮ್ಮ ಮೂರು ದಿನವೂ ತೆರೆದಿದ್ದಳು. ಅದನ್ನು ತೆರೆದ ಮಕ್ಕಳು ಎಂಟು. ನಿಯಮಕ್ಕೆ ಒಂದು ಮಗು ಹೆಚ್ಚು. ಮೇಸ್ತ್ರಿ ಗಡ್ಡ ಕೆರೆದುಕೊಂಡು, ದನಿ ತಗ್ಗಿಸಿ ಹೇಳಿದ.

"ಒಂದೇ ಒಂದು ಮಗು ಮೇಡಂ. ಬೇರೆ ಐವತ್ತು ಮಕ್ಕಳನ್ನ ಕರೆಸಿದ್ರೆ ಆರೋ ಏಳೋ ಬರುತ್ತೆ. ಎಲ್ಲ ಕಡೆ ಮಾಡ್ತಾರೆ. ನಿಮ್ಮಮ್ಮನೂ ತೆರೀತಾರೆ, ಕಾಗದನೂ ಸರಿಹೋಗುತ್ತೆ."

ಅವನ ಮಾತಿನಲ್ಲಿ ಮೋಸವಿರಲಿಲ್ಲ, ಮರುಕವಿತ್ತು. ಮೇಡಂಗೆ ಆಸೆಯಾಯಿತು. ಆಸೆಯಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಮುಚ್ಚಳವನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಹೋದಳು, ಅಮ್ಮನ ಮುಂದಿಟ್ಟಳು, ಎರಡರ ಲೆಕ್ಕವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಇದಾದರೆ ನಿನಗಾಗುತ್ತೆ, ಎಂಟು ಮಕ್ಕಳಿಗೂ ಆಗುತ್ತೆ. ಅದಾದರೆ ಮೂರು ಮಕ್ಕಳು, ನಿನಗಾಗಲ್ಲ.

ಅಮ್ಮ ಹಗುರದ ಮುಚ್ಚಳವನ್ನು ಅಂಗೈಯಿಂದ ಒತ್ತಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಅವಳ ಮುಖದಲ್ಲಿ ಖುಷಿ ಕಾಣುತ್ತಿತ್ತು. ಆಮೇಲೆ ಅದನ್ನು ಮಗಳ ಕಡೆಗೆ ಸರಿಸಿದಳು.

"ನನ್ನೊಬ್ಬಳ ಕೈಗೋಸ್ಕರ ಇನ್ನೈದು ಮಕ್ಕಳ ಬಾಯಿಗೆ ಮಾತ್ರೆ ಹಾಕ್ತೀಯೇನೇ? ತಗೊಂಡುಹೋಗು ಇದನ್ನ."

"ಮತ್ತೆ ನೀನೇನು ಮಾಡ್ತೀಯ? ಮತ್ತೆ ಪೊಟ್ಟಣ ಕಟ್ಟಿಸ್ತೀಯ? ಅಮ್ಮ, ಇಲ್ಲಿ ಕೇಳು. ನಾನು ಮಾಡೋ ಯಾವ ಮುಚ್ಚಳವೂ ನೀನು ಸುಳ್ಳು ಹೇಳಿದ್ರೆ ಕೆಲಸಕ್ಕೆ ಬರಲ್ಲ. ತೆರೆಯೋಕಾಗದಿದ್ದರೆ ನನ್ನ ಕರೀಬೇಕು. ದಿನಾ ಕರೀಬೇಕು."

ಅಮ್ಮ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು, ಬೇಕಾದ್ದಕ್ಕಿಂತ ಜೋರು ಸದ್ದು ಮಾಡುತ್ತಾ.

ಇಪ್ಪತ್ತನೇ ದಿನ ಯಜಮಾನರ ಮೇಜಿನ ಮೇಲೆ ಅಗಲ ಮುಚ್ಚಳ, ನಾಲ್ಕು ಕಿಲೋದ್ದು, ಕುಳಿತಿತ್ತು. ಪಕ್ಕದಲ್ಲಿ ಒಪ್ಪಿಗೆಯ ಹಾಳೆ. ತೆರೆದ ಮಕ್ಕಳ ಸಂಖ್ಯೆಯನ್ನು ರೂಪಿಸಿದವರೇ ಕೈಬರಹದಲ್ಲಿ ಬರೆದು ಸಹಿ ಹಾಕಬೇಕು, ಕೆಳಗೆ ಯಜಮಾನರ ಸಹಿ. ಯಜಮಾನರು ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದರು. ಸೊನ್ನೆಯನ್ನು ಬಿಟ್ಟು ಮೂರಕ್ಕೆ ಬಂದಿದ್ದೇವೆ ಅಂತ ಔಷಧಿ ಕಂಪನಿಯವರಿಗೆ ಯಾವ ಬಾಯಲ್ಲಿ ಹೇಳಲಿ ಎಂದರು. ನಾನೇ ಹೇಳುತ್ತೇನೆ, ಹದಿನಾಲ್ಕು ಮನೆಗಳ ಪಟ್ಟಿಯನ್ನೂ ಒಯ್ಯುತ್ತೇನೆ ಎಂದಳು ಮೇಡಂ. ಅವರು ಮುಚ್ಚಳವನ್ನು ಕೆಳಗಿಟ್ಟರು. ಆಮೇಲೆ ಕೇಳಿದ್ದು ವ್ಯಾಪಾರದ ಮಾತಾಗಿರಲಿಲ್ಲ.

"ಆ ಮೂರು ಮಕ್ಕಳಲ್ಲಿ ಒಂದು ನಿಮ್ಮನೆ ಮಗುವೇ ಆಗಿದ್ರೆ? ಆಗಲೂ ಸಹಿ ಹಾಕ್ತೀಯಾ?"

ಈ ಪ್ರಶ್ನೆಯನ್ನು ಅವಳು ಇಪ್ಪತ್ತು ದಿನವೂ ತನಗೆ ತಾನೇ ಕೇಳಿಕೊಂಡಿದ್ದಳು.

"ಆಗಿರಬಹುದು ಸಾರ್, ನಮ್ಮ ಚೂಟಿ ಅಂಥದ್ದೇ. ಆ ಮೂವರಲ್ಲಿ ಎಲ್ಲರಿಗಿಂತ ಚುರುಕಾದ ಮಗುವಿಗೆ, ನಡುವೆ ತೆರೆದು ತೋರಿಸಿದ್ದರೂ, ಒಟ್ಟು ಎಂಟು ನಿಮಿಷ ಹಿಡೀತು. ಎಂಟು ನಿಮಿಷದಲ್ಲಿ ನಮ್ಮಮ್ಮ ಅಡುಗೆಮನೆಯಿಂದ ನಾಲ್ಕು ಸಲ ಬಂದು ನೋಡ್ತಾಳೆ. ಗುಂಡಿ ಡಬ್ಬಿ ತೆರೆಯೋಕೆ ಅದಕ್ಕೆ ಎರಡು ಸೆಕೆಂಡು ಸಾಕಾಯ್ತು. ಆ ಹಳೇ ಮುಚ್ಚಳದ ಸೊನ್ನೆ ಕಾಗದದ ಮೇಲಿತ್ತು ಸಾರ್, ನಮ್ಮನೇಲಿ ಇರಲಿಲ್ಲ."

ಅವಳು ಹಾಳೆಯನ್ನು ಎಳೆದುಕೊಂಡು ಖಾಲಿ ಜಾಗದಲ್ಲಿ ಮೂರು ಎಂದು ಬರೆದಳು, ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ. ತೆರೆಯಲಾಗದ ಹಿರಿಯರು ಎಷ್ಟು ಎಂದು ಆ ಹಾಳೆಯಲ್ಲಿ ಯಾರೂ ಕೇಳಿರಲಿಲ್ಲ. ಅದರ ಕೆಳಗೆ ತಾನೇ ಒಂದು ಗೆರೆ ಎಳೆದು ನಾಲ್ಕು ಎಂದು ಸೇರಿಸಿದಳು. ಡಬ್ಬಿಯ ಮೇಲೆ ಇದು ಮಕ್ಕಳಿಗೆ ತೆರೆಯುವುದು ಕಷ್ಟ, ಅಸಾಧ್ಯವಲ್ಲ, ಎತ್ತರದಲ್ಲಿಡಿ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಬೇಕು ಎಂದೂ ಬರೆದಳು. ಯಜಮಾನರು ಕನ್ನಡಕ ಏರಿಸಿ ಪೂರ್ತಿ ಓದಿದರು. ಗೊಣಗಿದರು. ಸಹಿ ಹಾಕಿದರು. ಮರುದಿನ ಮೇಸ್ತ್ರಿ ಉಕ್ಕು ಕೊರೆಯಲು ಶುರುಮಾಡಿದ.

ಮುಂದಿನ ಒಂದನೇ ತಾರೀಕು ಅಮ್ಮನ ಹೊಸ ಡಬ್ಬಿ ಮನೆಗೆ ಬಂತು, ಮಾತ್ರೆ ಒಳಗೆ, ಮುಚ್ಚಳ ಮೇಲೆ. ಮಾರನೆಯ ಬೆಳಿಗ್ಗೆ ಮೇಡಂಗೆ ಐದೂಮುಕ್ಕಾಲಿಗೇ ಎಚ್ಚರವಾಯಿತು. ಪಕ್ಕದ ಮಂಚದಲ್ಲಿ ತಂಗಿಯ ಹೊಟ್ಟೆಯ ಮೇಲೆ ಕಾಲು ಹಾಕಿ ಚೂಟಿ ಮಲಗಿತ್ತು. ಅಡುಗೆಮನೆಯಿಂದ ಟಕಟಕ ಎಂದು ಮುಚ್ಚಳ ಸುತ್ತುವ ಸದ್ದು ಬಂತು. ನಿಂತಿತು. ಮತ್ತೆ ಬಂತು, ಈ ಸಲ ಒತ್ತಲು ಹೆಣಗುವ ಉಸಿರಿನ ಸದ್ದಿನೊಂದಿಗೆ. ಎದ್ದು ಓಡಿಹೋಗಿ ಕಿತ್ತುಕೊಂಡು ತೆರೆದುಕೊಡಬೇಕು ಎಂದು ಅವಳ ಮೈಯೆಲ್ಲ ಹಾತೊರೆಯಿತು. ಅವಳು ಹಾಸಿಗೆಯ ಅಂಚು ಹಿಡಿದು ಗಟ್ಟಿಯಾಗಿ ಕುಳಿತಳು. ತಾನಾಗಿ ಹೋದರೆ ನಾಳೆ ತಾನಿಲ್ಲದ ದಿನ ಅಮ್ಮ ಮತ್ತೊಂದು ಡಬ್ಬಿ ಹುಡುಕುತ್ತಾಳೆ. ಸದ್ದು ನಿಂತಿತು. ಬಹಳ ಹೊತ್ತು ಏನೂ ಕೇಳಲಿಲ್ಲ. ಕಪಾಟಿನ ಬಾಗಿಲು ಕಿರ್ರೆಂದಿತು, ಮತ್ತೆ ಮುಚ್ಚಿಕೊಂಡಿತು.

"ಏಯ್, ಎದ್ದಿದ್ದೀಯೇನೇ?" ಎಂದು ಅಮ್ಮನ ದನಿ ಕೇಳಿಸಿತು, ಸಿಡುಕಿನ ದನಿ. "ಬಾ ಇಲ್ಲಿ. ನನ್ನ ಕೈಲಿ ಆಗ್ತಿಲ್ಲ."